ಕಾಯಕದ ಕೊರತೆಯನ್ನು ದಾಸೋಹ ತುಂಬದು

ಬಸವ ಜಯಂತಿಯ ವೇದಿಕೆಯಾಗಲಿ, ಶ್ರಾವಣದ ಪ್ರವಚನದ ಮಂಗಲವಾಗಲಿ, ಜಾತ್ರೆಯ ಧರ್ಮಸಭೆಯಾಗಲಿ, ನಮ್ಮಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ಪೂಜ್ಯರ ಆಶೀರ್ವಚನಕ್ಕೆ ಮೊದಲು ದಾಸೋಹಿಗಳ ಸನ್ಮಾನ ನಡೆಯುತ್ತದೆ. ಅನ್ನದಾಸೋಹಕ್ಕೆ ಅಕ್ಕಿಯ ಚೀಲ ಕೊಟ್ಟವರು, ಪ್ರಸಾದ ನಿಲಯಕ್ಕೆ ಕೋಣೆ ಕಟ್ಟಿಸಿದವರು, ಗ್ರಂಥ ಪ್ರಕಟಣೆಗೆ ನೆರವಾದವರು ಒಬ್ಬೊಬ್ಬರಾಗಿ ಬಂದು ಶಾಲು ಹೊದಿಸಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರು ಉದ್ಯಮ ನಡೆಸುವವರು. ಕೆಲವರದು ದಲಾಲಿ ಅಂಗಡಿ, ಕೆಲವರದು ಜಿನ್ನಿಂಗ್ ಕಾರ್ಖಾನೆ. ಕೆಲವರು ಬಸ್ಸು ಲಾರಿ ಓಡಿಸುತ್ತಾರೆ, ಕಟ್ಟಡದ ಗುತ್ತಿಗೆ ಹಿಡಿಯುತ್ತಾರೆ, ಪತ್ತಿನ ಸಂಘ ಅಥವಾ ಕಾಲೇಜು ನಡೆಸುತ್ತಾರೆ. ಕೊಟ್ಟವರನ್ನು ನೆನೆಯುವುದರಲ್ಲಿ ತಪ್ಪಿಲ್ಲ. ಇಂಥವರ ಅನ್ನ ಉಂಡು ಓದಿದ ಬಡ ಮಕ್ಕಳು ನಾಡಿನ ತುಂಬ ಇದ್ದಾರೆ.

ಆದರೆ ಆ ವೇದಿಕೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಇವರ ಅಂಗಡಿಯಲ್ಲಿ ಹಮಾಲರ ಕೂಲಿ ಯಾವ ದಿನ ಆಗುತ್ತದೆ? ರೈತನ ಚೀಲಕ್ಕೆ ಹಿಡಿಯುವ ತಕ್ಕಡಿಯೂ ದೊಡ್ಡ ಖರೀದಿದಾರನ ಚೀಲಕ್ಕೆ ಹಿಡಿಯುವ ತಕ್ಕಡಿಯೂ ಒಂದೇ ಏನು? ಇವರ ಸಂಸ್ಥೆಯಲ್ಲಿ ಮೇಷ್ಟ್ರಿಗೆ ತಿಂಗಳ ಸಂಬಳ ತಪ್ಪದೆ ಸಿಗುತ್ತದೆಯೇ? ಮಾರ್ಚಿಯಲ್ಲಿ ಕೊಟ್ಟ ಮಾತು ಜೂನ್‌ನಲ್ಲೂ ಇರುತ್ತದೆಯೇ?

ಇವೆಲ್ಲ ಅವರ ಖಾಸಗಿ ವ್ಯವಹಾರ, ಮಠಕ್ಕೂ ಧರ್ಮಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ, ಕಾಯಕ ಎಂಬ ಪದವನ್ನೇ ನಮ್ಮ ನಿಘಂಟಿನಿಂದ ತೆಗೆದುಹಾಕಬೇಕಾಗುತ್ತದೆ. ಬಸವಾದಿ ಶರಣರು ದುಡಿಮೆಯನ್ನು ಪೂಜೆಯ ಸ್ಥಾನಕ್ಕೆ ತಂದರು. ಪೂಜೆಯಲ್ಲಿ ಸೋಮವಾರಕ್ಕೊಂದು ಮಂಗಳವಾರಕ್ಕೊಂದು ದೇವರಿಲ್ಲ. ದುಡಿಮೆಯಲ್ಲಿಯೂ ಹಾಗೆಯೇ ಇರಬೇಕು. ಲಾಭದ ವರ್ಷ, ನಷ್ಟದ ವರ್ಷ, ತನ್ನವರು, ಹೊರಗಿನವರು, ನೋಡುವವರಿರುವ ಹೊತ್ತು, ಯಾರೂ ನೋಡದ ಹೊತ್ತು, ಎಲ್ಲಕ್ಕೂ ಒಂದೇ ಅಳತೆ ಹಿಡಿಯುವುದು ಉದ್ಯಮದ ಮುಂದಾಳಿಗೆ ಬೇಕಾದ ಮೊದಲ ಗುಣ. ಜಾಣತನ, ಬಂಡವಾಳ, ಧೈರ್ಯ ಇವೆಲ್ಲ ಆಮೇಲಿನವು. ಈ ಸಂಚಿಕೆಯಲ್ಲಿ ಆ ಗುಣದ ಬಗ್ಗೆ ನಾಲ್ಕು ಮಾತು.

ಸರಾಸರಿ ಎಂಬ ಮರೆ

ನಾನು ಸರ್ಕಾರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ನನಗೆ ಗೊತ್ತಿರುವ ಉದಾಹರಣೆ ಕಾಂಕ್ರೀಟಿನದು.

ಕಟ್ಟಡಕ್ಕೆ ಎಂ 20 ದರ್ಜೆಯ ಕಾಂಕ್ರೀಟ್ ಬೇಕು ಎಂದು ನಕ್ಷೆಯಲ್ಲಿ ಬರೆದಿರುತ್ತೇವೆ. 15 ಸೆಂಟಿಮೀಟರ್ ಅಳತೆಯ ಕ್ಯೂಬ್ ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು ಒಡೆದು ನೋಡಿದಾಗ ಅದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕು ಎಂದು ಇದರ ಅರ್ಥ. ಹಾಗಾದರೆ ಕ್ಯೂಬುಗಳ ಸರಾಸರಿ 20 ಬಂದರೆ ಸಾಕೇ? ಸಾಲದು. ನಮ್ಮ ಭಾರತೀಯ ಮಾನಕ ಐಎಸ್ 456 ಇದನ್ನು ಸ್ಪಷ್ಟಪಡಿಸಿದೆ. ನೂರು ಫಲಿತಾಂಶಗಳಲ್ಲಿ ಐದಕ್ಕಿಂತ ಹೆಚ್ಚು 20ರ ಕೆಳಗೆ ಬೀಳಬಾರದು. ಅದಕ್ಕಾಗಿ ಮಿಶ್ರಣದ ಗುರಿಯನ್ನೇ ಮೇಲಕ್ಕೆ ಇಡಬೇಕು. ಎಷ್ಟು ಮೇಲಕ್ಕೆ ಎಂಬುದನ್ನು ತೀರ್ಮಾನಿಸುವುದು ಫಲಿತಾಂಶಗಳ ಏರುಪೇರು. ಎಂ 20ಕ್ಕೆ ಈ ಏರುಪೇರಿನ ಅಳತೆಯನ್ನು, ಅಂದರೆ ಮಾನಕ ವಿಚಲನೆಯನ್ನು, ಮೊದಲಿಗೆ 4 ಎಂದು ಹಿಡಿಯುತ್ತಾರೆ. ಅದನ್ನು 1.65ರಿಂದ ಗುಣಿಸಿ 20ಕ್ಕೆ ಕೂಡಿಸಿದರೆ ಗುರಿ 26.6 ಆಗುತ್ತದೆ. ಕೆಲಸದಲ್ಲಿ ಶಿಸ್ತಿಲ್ಲದೆ ವಿಚಲನೆ 6ಕ್ಕೆ ಏರಿದರೆ ಗುರಿ 29.9ಕ್ಕೆ ಹೋಗಬೇಕು. ಶಿಸ್ತಿನಿಂದ ಅದನ್ನು 2.5ಕ್ಕೆ ಇಳಿಸಿದರೆ ಲೆಕ್ಕದಲ್ಲಿ 24.1 ಸಾಕು. ಸಿಮೆಂಟಿನ ಖರ್ಚಿನ ವ್ಯತ್ಯಾಸ ಇಲ್ಲಿಯೇ ಇದೆ. ಏಕರೂಪವಾಗಿ ಕೆಲಸ ಮಾಡುವವನು ಕಡಿಮೆ ಖರ್ಚಿನಲ್ಲಿ ಭದ್ರವಾದ ಕಟ್ಟಡ ಕೊಡುತ್ತಾನೆ. ಮನಬಂದಂತೆ ಮಾಡುವವನು ಹೆಚ್ಚು ಸಿಮೆಂಟ್ ಸುರಿದೂ ಅನುಮಾನದಲ್ಲಿಯೇ ಇರುತ್ತಾನೆ.

ಇನ್ನೂ ಸರಳವಾಗಿ ಹೇಳಬಹುದು. ಒಂದು ಕಂಬದ ಕಾಂಕ್ರೀಟ್ 35, ಪಕ್ಕದ ಕಂಬದ್ದು 12. ಸರಾಸರಿ 23.5. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ 12ರ ಕಂಬದ ಮೇಲೆ ಬಿದ್ದ ಭಾರವನ್ನು 35ರ ಕಂಬ ಹೊರಲಾರದು.

ಜನರೂ ತಮ್ಮ ಧಣಿಯನ್ನು ಹೀಗೆಯೇ ಅಳೆಯುತ್ತಾರೆ. ಅವನ ಒಳ್ಳೆಯ ದಿನಗಳ ಸರಾಸರಿಯನ್ನು ಯಾರೂ ತೆಗೆಯುವುದಿಲ್ಲ. ಅವನ ಅತಿ ಕೆಟ್ಟ ದಿನದಲ್ಲಿ ತಮ್ಮ ಗತಿ ಏನಾಗುತ್ತದೆ ಎಂದು ನೋಡಿ, ಅಷ್ಟೇ ನಂಬಿಕೆ ಇಡುತ್ತಾರೆ.

ಕೆಲಸದ ಸ್ಥಳಗಳಲ್ಲಿ ಎರಡು ಬಗೆಯ ಗುತ್ತಿಗೆದಾರರನ್ನು ನಾನು ಬಹಳ ವರ್ಷ ನೋಡಿದ್ದೇನೆ. ಒಂದು ಬಗೆಯವರು ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡುತ್ತಾರೆ, ಹೋಳಿಗೆ ಊಟ ಹಾಕಿಸುತ್ತಾರೆ, ಮೇಸ್ತ್ರಿಯ ಮಗಳ ಮದುವೆಗೆ ಕೈಬಿಚ್ಚಿ ಕೊಡುತ್ತಾರೆ. ಆದರೆ ಮೂರು ವಾರ ಕೂಲಿ ನಿಲ್ಲಿಸಿ ಊರು ಬಿಟ್ಟು ಹೋಗಿರುತ್ತಾರೆ. ಇನ್ನೊಂದು ಬಗೆಯವರು ನಗುವುದೂ ಕಡಿಮೆ. ಆದರೆ ಸಂತೆಯ ಹಿಂದಿನ ಸಂಜೆ ಕೂಲಿ ಬಟವಾಡೆ ತಪ್ಪಿಸಿದವರಲ್ಲ. ಕೆಲಸ ಕೊಟ್ಟ ಇಲಾಖೆಯಿಂದ ಬಿಲ್ಲು ಬರುವುದು ತಡವಾದಾಗಲೂ ಕೈಸಾಲ ಮಾಡಿ ಬಟವಾಡೆ ಮಾಡಿದ್ದನ್ನು ಕಂಡಿದ್ದೇನೆ. ಮೊದಲನೆಯವರ ಬಳಿ ಪ್ರತಿ ಕಾಮಗಾರಿಗೂ ಹೊಸ ತಂಡ. ಎರಡನೆಯವರ ಬಳಿ ಅದೇ ಮೇಸ್ತ್ರಿ, ಅದೇ ಆಳುಗಳು, ವರ್ಷಗಟ್ಟಲೆ. ಎಷ್ಟು ನೀರು, ಎಷ್ಟು ಮರಳು ಎಂದು ಅವರ ಕೈಗೇ ಗೊತ್ತಾಗಿರುತ್ತಿತ್ತು. ಕ್ಯೂಬಿನ ಫಲಿತಾಂಶ ಒಂದರ ಪಕ್ಕ ಒಂದು ಕೂಡುತ್ತಿತ್ತು. ಧಣಿಯ ನಡೆಯ ಏರುಪೇರು ಕೊನೆಗೆ ಕಾಂಕ್ರೀಟಿನ ಏರುಪೇರಾಗಿ ಕಾಣಿಸಿಕೊಳ್ಳುವುದನ್ನು ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿಯೇ ಓದಬಹುದಿತ್ತು.

ಒಂದು ಕಂಪನಿಯ ಹದಿಮೂರು ವರ್ಷ

ದೊಡ್ಡ ಉದ್ಯಮಗಳಲ್ಲಿ ಇದು ನಡೆಯುವ ಮಾತಲ್ಲ ಎನ್ನುವವರಿಗೆ ಅಮೆರಿಕದ ಅಲ್ಕೋವಾ ಕಂಪನಿಯ ಕಥೆ ಹೇಳಬೇಕು. ಪಿಟ್ಸ್‌ಬರ್ಗ್ ನಗರದ ಈ ಅಲ್ಯೂಮಿನಿಯಂ ಕಂಪನಿಗೆ 1987ರಲ್ಲಿ ಪಾಲ್ ಓನೀಲ್ ಮುಖ್ಯಸ್ಥರಾದರು. ಅದಕ್ಕೆ ಹಿಂದೆ ಅವರು ಬಹುಕಾಲ ಸರ್ಕಾರಿ ಸೇವೆಯಲ್ಲಿದ್ದವರು. ಹೂಡಿಕೆದಾರರ ಮುಂದೆ ಮೊದಲ ಸಲ ಮಾತನಾಡಲು ನಿಂತಾಗ ಅವರು ಲಾಭದ ಬಗ್ಗೆ ಹೇಳಲಿಲ್ಲ. ಕಾರ್ಮಿಕರ ಸುರಕ್ಷತೆಯೇ ತಮ್ಮ ಮೊದಲ ಆದ್ಯತೆ, ಗಾಯಗಳ ಸಂಖ್ಯೆಯನ್ನು ಸೊನ್ನೆಗೆ ತರುವುದು ತಮ್ಮ ಗುರಿ ಎಂದರು. ಕೇಳಿದವರಿಗೆ ಇದು ವಿಚಿತ್ರವಾಗಿ ಕಂಡಿತು. ಷೇರು ಮಾರಿಬಿಡಿ ಎಂದು ತನ್ನ ಗಿರಾಕಿಗಳಿಗೆ ಸಲಹೆ ಕೊಟ್ಟವರೂ ಇದ್ದರು.

ಮೊದಲ ದಿನ ಒಳ್ಳೆಯ ಮಾತು ಆಡುವುದು ಕಷ್ಟವಲ್ಲ. ಓನೀಲ್ ಹದಿಮೂರು ವರ್ಷ ಅದೇ ಮಾತಿನಲ್ಲಿ ನಿಂತರು. ಅರಿಜೋನಾದ ಘಟಕದಲ್ಲಿ ಒಬ್ಬ ತರುಣ ಕಾರ್ಮಿಕ ಯಂತ್ರಕ್ಕೆ ಸಿಕ್ಕಿ ಸತ್ತಾಗ, ಆ ಹುಡುಗನ ಅಜಾಗರೂಕತೆ ಎಂದು ಕಡತ ಮುಚ್ಚಲು ಬಿಡಲಿಲ್ಲ. ಅದು ಆಡಳಿತದ ಸೋಲು, ಮೊದಲು ತನ್ನ ಸೋಲು ಎಂದು ಅಧಿಕಾರಿಗಳ ಮುಂದೆ ಹೇಳಿದರು.

ನಿಜವಾದ ಪರೀಕ್ಷೆ ಬಂದದ್ದು 1996ರಲ್ಲಿ. ಷೇರುದಾರರ ವಾರ್ಷಿಕ ಸಭೆಯಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿ ಎದ್ದು ನಿಂತರು. ಮೆಕ್ಸಿಕೋದ ಸಿಯುದಾದ್ ಅಕುನ್ಯಾ ಪಟ್ಟಣದಲ್ಲಿರುವ ನಿಮ್ಮ ಘಟಕದಲ್ಲಿ ಕೆಲಸಗಾರರು ಹೊಗೆಯಿಂದ ಕಾಯಿಲೆ ಬಿದ್ದಿದ್ದಾರೆ, ನೀವು ಹೇಳುವ ಸುರಕ್ಷತೆ ಸುಳ್ಳು ಎಂದರು. ಓನೀಲ್ ಮೊದಲು ಒಪ್ಪಲಿಲ್ಲ. ಆದರೆ ವಿಚಾರಣೆಗೆ ಜನ ಕಳಿಸಿದರು. ಹೊಗೆ ತುಂಬಿದ್ದು ನಿಜ, ಕೆಲಸಗಾರರು ಅಸ್ವಸ್ಥರಾದದ್ದು ನಿಜ ಎಂದು ತಿಳಿಯಿತು. ಆ ಭಾಗದ ಹಿರಿಯ ಅಧಿಕಾರಿ ಗಾಳಿ ಹೊರಹಾಕುವ ವ್ಯವಸ್ಥೆ ಮಾಡಿಸಿ ತೊಂದರೆ ಸರಿಪಡಿಸಿದ್ದ. ಆದರೆ ಮೇಲಿನವರಿಗೆ ವರದಿ ಮಾಡಿರಲಿಲ್ಲ. ಕಂಪನಿಯ ವಹಿವಾಟನ್ನು ಬಹಳ ಬೆಳೆಸಿಕೊಟ್ಟ ಅಧಿಕಾರಿ ಅವನು. ಅವನನ್ನು ಕೆಲಸದಿಂದ ತೆಗೆದರು. ಚಿಕ್ಕ ನೌಕರನ ಗಾಯವನ್ನೂ ವರದಿ ಮಾಡಲೇಬೇಕು ಎಂಬ ನಿಯಮ ಲಾಭ ತಂದುಕೊಟ್ಟವನಿಗೆ ಸಡಿಲವಾಗಲಿಲ್ಲ.

1987ರಲ್ಲಿ ನೂರು ಕೆಲಸಗಾರರಿಗೆ ವರ್ಷಕ್ಕೆ 1.86ರಷ್ಟಿದ್ದ, ಕೆಲಸದ ದಿನ ಕಳೆಯುವಂಥ ಗಾಯಗಳ ಪ್ರಮಾಣ ಅವರು ಬಿಡುವ ಹೊತ್ತಿಗೆ ಸುಮಾರು 0.2ಕ್ಕೆ ಇಳಿದಿತ್ತು. ಕಂಪನಿಯ ವಾರ್ಷಿಕ ನಿವ್ವಳ ಲಾಭ ಐದು ಪಟ್ಟಾಗಿತ್ತು. ಸುರಕ್ಷತೆಯೇ ಲಾಭ ತಂದಿತು ಎಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಕಾರಣಗಳು ನೂರಿರುತ್ತವೆ. ಆದರೆ ಧಣಿ ಒಂದು ವಿಷಯದಲ್ಲಿ ಎಂದೂ ಹಿಂದೆ ಸರಿಯುವುದಿಲ್ಲ ಎಂದು ಕೆಳಗಿನವರೆಗೆ ಗೊತ್ತಾದಾಗ, ಘಟಕದ ಕೆಟ್ಟ ಸುದ್ದಿ ಅಡಗದೆ ಮೇಲಕ್ಕೆ ಬರತೊಡಗುತ್ತದೆ. ಕೆಟ್ಟ ಸುದ್ದಿ ಬೇಗ ತಲುಪುವ ಸಂಸ್ಥೆ ಬೇಗ ರಿಪೇರಿಯಾಗುತ್ತದೆ. ಇದು ಎಂಜಿನಿಯರನಿಗೂ ವ್ಯಾಪಾರಿಗೂ ಗೊತ್ತಿರುವ ಸತ್ಯ.

ಈ ಕಥೆಯಲ್ಲಿ ನಮ್ಮ ಮಠಗಳು ಗಮನಿಸಬೇಕಾದ ಪಾತ್ರ ಆ ಸನ್ಯಾಸಿನಿಯದು. ಧರ್ಮಕ್ಕೆ ಸೇರಿದವರು ಉದ್ಯಮಿಯ ಸಭೆಗೆ ಹೋಗಿ, ನಿನ್ನ ಮಾತಿಗೂ ನಿನ್ನ ಕಾರ್ಖಾನೆಗೂ ಅಂತರವಿದೆ ಎಂದು ಕೇಳಿದರು. ಕೇಳಿದ್ದರಿಂದಲೇ ಸತ್ಯ ಹೊರಬಂತು.

ದಿನಕ್ಕೊಂದು ಆದೇಶ

ನಡೆಯ ಏರುಪೇರು ಎಲ್ಲ ಸಲವೂ ಅಪ್ರಾಮಾಣಿಕತೆಯಿಂದ ಬರುವುದಿಲ್ಲ. ಒಳ್ಳೆಯ ಮನಸ್ಸಿನ, ಅತಿ ಚುರುಕಿನ ಧಣಿಗಳೂ ಈ ದೋಷಕ್ಕೆ ಬೀಳುತ್ತಾರೆ. ಗುಣಮಟ್ಟದ ಶಾಸ್ತ್ರ ಕಲಿಸಿದ ಎಡ್ವರ್ಡ್ಸ್ ಡೆಮಿಂಗ್ ಅವರು 1950ರಲ್ಲಿ ಜಪಾನಿನ ಎಂಜಿನಿಯರರಿಗೆ, ಉದ್ಯಮಿಗಳಿಗೆ ಉಪನ್ಯಾಸ ಮಾಡಿದವರು. ಆಡಳಿತಗಾರರಿಗೆ ಅವರು ಹೇಳಿದ ಹದಿನಾಲ್ಕು ಸೂತ್ರಗಳಲ್ಲಿ ಮೊದಲನೆಯದೇ ಉದ್ದೇಶದ ಸ್ಥಿರತೆ.

ಅವರು ತೋರಿಸುತ್ತಿದ್ದ ಪ್ರಯೋಗವನ್ನು ಮನೆಯಲ್ಲಿಯೂ ಮಾಡಿ ನೋಡಬಹುದು. ಮೇಜಿನ ಮೇಲೆ ಒಂದು ಗುರುತು ಹಾಕಿ. ಅದರ ನೇರಕ್ಕೆ ಮೇಲೆ ಎಣ್ಣೆ ಸುರಿಯುವ ಲಾಳಿಕೆ ಕಟ್ಟಿ, ಅದರೊಳಗಿಂದ ಗೋಲಿ ಬಿಡಿ. ಗೋಲಿ ಪ್ರತಿ ಸಲವೂ ಗುರುತಿನ ಆಚೀಚೆ ನಿಲ್ಲುತ್ತದೆ. ಲಾಳಿಕೆಯನ್ನು ಮುಟ್ಟದೆ ಐವತ್ತು ಸಲ ಬಿಟ್ಟರೆ ಗುರುತಿನ ಸುತ್ತ ಒಂದು ಸಣ್ಣ ಗುಂಪು ಕಾಣುತ್ತದೆ. ಇನ್ನೊಮ್ಮೆ, ಗೋಲಿ ಎಡಕ್ಕೆ ಎರಡು ಅಂಗುಲ ತಪ್ಪಿದಾಗ ಲಾಳಿಕೆಯನ್ನು ಬಲಕ್ಕೆ ಎರಡು ಅಂಗುಲ ಸರಿಸುತ್ತಾ, ಪ್ರತಿ ಸಲವೂ ಹೀಗೆ ತಿದ್ದುತ್ತಾ ಹೋಗಿ. ಗುಂಪು ಚಿಕ್ಕದಾಗುತ್ತದೆ ಎಂದು ತೋರುತ್ತದೆ. ಆಗುವುದು ಬೇರೆ. ಗಣಿತದ ಪ್ರಕಾರ ಹರಡು ಸುಮಾರು ಶೇಕಡಾ 41ರಷ್ಟು ಹೆಚ್ಚಾಗುತ್ತದೆ.

ಒಂದು ವಾರದ ವ್ಯಾಪಾರ ಕಡಿಮೆಯಾಯಿತೆಂದು ಮಾರಾಟಗಾರರ ಕಮಿಷನ್ ಬದಲಿಸುವವರು, ಒಂದು ದೂರು ಬಂತೆಂದು ಉದ್ರಿ ನಿಲ್ಲಿಸಿ, ಗಿರಾಕಿ ಮುನಿಸಿಕೊಂಡನೆಂದು ಮತ್ತೆ ಉದ್ರಿ ತೆರೆಯುವವರು, ಒಂದು ಪರೀಕ್ಷೆಯ ಫಲಿತಾಂಶ ಇಳಿಯಿತೆಂದು ಪ್ರಾಚಾರ್ಯರನ್ನೇ ಬದಲಿಸುವ ಆಡಳಿತ ಮಂಡಳಿಗಳು ಇದೇ ಲಾಳಿಕೆಯನ್ನು ಸರಿಸುತ್ತಿರುತ್ತಾರೆ. ಅವರು ತುಂಬ ಕೆಲಸ ಮಾಡುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಕೆಳಗಿನವರು ಮಾತ್ರ ಕೆಲಸ ಬಿಟ್ಟು ಧಣಿಯ ಮುಖ ನೋಡುತ್ತ ಕೂರುವುದನ್ನು ಕಲಿಯುತ್ತಾರೆ.

ಸ್ಥಿರತೆ ಹಟವಲ್ಲ

ಹಾಗಾದರೆ ಎಂದೂ ಬದಲಾಗಬಾರದೇ ಎಂದು ಕೇಳುವವರಿದ್ದಾರೆ. ಬದಲಾವಣೆಯೇ ಬೇಡವೆಂದಿದ್ದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿ ನಡೆಯುತ್ತಿರಲಿಲ್ಲ. ಇದಕ್ಕೆ ಉತ್ತರ ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳಲ್ಲಿದೆ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವನ್ನು ಮೊದಲು ಕೂಡಿಸಿದರು. ನೀರು ನಿಗದಿತ ಮಟ್ಟ ದಾಟಿದರೆ ಗೇಟು ತಾನೇ ತೆರೆದುಕೊಳ್ಳುತ್ತದೆ. ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಗೇಟು ಎಷ್ಟೋ ಸಲ ಅಲುಗಾಡುತ್ತದೆ. ಆದರೆ ಯಾವ ಮಟ್ಟಕ್ಕೆ ತೆರೆಯಬೇಕು ಎಂಬ ನಿಯಮ ಅಲುಗಾಡುವುದಿಲ್ಲ. ಕೆಳಗಿನ ರೈತನಿಗೂ ಮೇಲಿನ ಅಧಿಕಾರಿಗೂ ಆ ಮಟ್ಟ ಮೊದಲೇ ಗೊತ್ತು.

ಉದ್ಯಮದ ಮುಂದಾಳು ಹಾಗಿರಬೇಕು. ಬೆಲೆ ಬದಲಾಗಲಿ, ಯಂತ್ರ ಬದಲಾಗಲಿ, ಮಾರುಕಟ್ಟೆ ಬದಲಾಗಲಿ, ಪದ್ಧತಿ ಬದಲಾಗಲಿ. ಯಾರಿಗೆ ಏನು ಸಲ್ಲಬೇಕು ಎಂಬ ಅಳತೆ ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿರಬೇಕು, ಮತ್ತು ಅದೇ ಇರಬೇಕು. ಹಟಮಾರಿಯು ತನ್ನ ಪದ್ಧತಿಗೆ ಅಂಟಿಕೊಂಡು ಕೂರುತ್ತಾನೆ. ಸ್ಥಿರವಾದವನಿಗೆ ತನ್ನ ಅಳತೆಯೇ ಮುಖ್ಯ. ಪದ್ಧತಿ ಬಿಡುವುದು ಅವನಿಗೆ ಕಷ್ಟವೇನಲ್ಲ.

ಕಲ್ಯಾಣದ ಲೆಕ್ಕ

ಇದೆಲ್ಲ ಹೊರದೇಶದ ಶಾಸ್ತ್ರವಲ್ಲ. ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಕಟ್ಟುನಿಟ್ಟಿನ ಲೆಕ್ಕ ಇದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ನಿಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದರು.

ಇಂದಿನ ನಮ್ಮ ಲೆಕ್ಕದಲ್ಲಿ ಲಕ್ಕಮ್ಮ ಹೇಳಬೇಕಾಗಿದ್ದ ಮಾತು ಬೇರೆ. ಹೆಚ್ಚು ಅಕ್ಕಿ ಬಂದರೆ ಹೆಚ್ಚು ಜಂಗಮರಿಗೆ ಪ್ರಸಾದವಾಗುತ್ತದೆ, ದಾಸೋಹ ದೊಡ್ಡದಾಗುತ್ತದೆ, ಒಳ್ಳೆಯ ಕೆಲಸಕ್ಕೇ ಹೋಗುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಸಮಾಧಾನವನ್ನೇ ಅವರು ತಿರಸ್ಕರಿಸಿದರು. ನಿತ್ಯದ ಅಳತೆ ತಪ್ಪಿ ಬಂದ ಅಕ್ಕಿಯಿಂದ ದಾಸೋಹ ಎಷ್ಟು ದೊಡ್ಡದಾದರೂ ಅದು ದಾಸೋಹವಾಗದು. ಕಾಯಕದ ಕೊರತೆಯನ್ನು ದಾಸೋಹದಿಂದ ತುಂಬಿ ಸರಾಸರಿ ತೆಗೆಯುವ ದಾರಿಯನ್ನು ಒಬ್ಬ ಬಡ ಶರಣೆ ಎಂಟುನೂರು ವರ್ಷಗಳ ಹಿಂದೆಯೇ ಮುಚ್ಚಿದ್ದಾರೆ. ನಾವು ಅದನ್ನು ಮತ್ತೆ ತೆರೆದು, ಅದರ ಬಾಯಲ್ಲಿ ಶಾಲು ಹಿಡಿದು ನಿಂತಿದ್ದೇವೆ.

ಸ್ವತಃ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ಬಳಸಿದರೆಂಬ ಆಪಾದನೆ ಬಂದಾಗ, ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು ಎಂದು ನಮ್ಮ ಪುರಾಣ ಕಾವ್ಯಗಳು ಹೇಳುತ್ತವೆ. ಇದನ್ನು ಪವಾಡವೆಂದು ಓದಿ ಕೈಮುಗಿಯುವವರಿದ್ದಾರೆ. ನಾನು ಇದನ್ನು ಲೆಕ್ಕ ತಪಾಸಣೆಯ ಪಾಠವೆಂದು ಓದುತ್ತೇನೆ. ಯಾವ ದಿನ ಬಂದು ಎಣಿಸಿದರೂ ಸರಿಯಿರುವ ಭಂಡಾರ, ಪ್ರತಿ ದಿನವೂ ಸರಿಯಿಟ್ಟ ಭಂಡಾರವೇ ಆಗಿರಬೇಕು.

ಹತ್ತಿರದ ಕಾಲಕ್ಕೆ ಬಂದರೆ ವಚನ ಪಿತಾಮಹ ಫ. ಗು. ಹಳಕಟ್ಟಿಯವರಿದ್ದಾರೆ. ಅವರನ್ನು ನಾವು ವಚನ ಸಂಪಾದಕರೆಂದು ಮಾತ್ರ ನೆನೆಯುತ್ತೇವೆ. ಅವರು ಸಂಸ್ಥೆಗಳ ಮುಂದಾಳುವೂ ಆಗಿದ್ದರು. 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾದದ್ದು ಅವರ ಮುಂದಾಳುತನದಲ್ಲಿ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಅವರು ತಮ್ಮ ಸ್ವಂತ ಮನೆ ಮಾರಿದರು. ಬ್ಯಾಂಕು ಕಟ್ಟಿದವರು ತಮ್ಮ ಆದರ್ಶದ ಕೆಲಸಕ್ಕೆ ಹಣ ಬೇಕಾದಾಗ ಸ್ವಂತ ಮನೆ ಮಾರಿದರು ಎಂಬ ವಾಕ್ಯವನ್ನು ನಮ್ಮ ಸಹಕಾರಿ ಸಂಘಗಳ ನಿರ್ದೇಶಕರು ಎರಡು ಸಲ ಓದಬೇಕು. ಚಂದಾ ಬಂದಾಗಲೂ ಬಾರದಾಗಲೂ, ಮನೆಯಲ್ಲಿ ದುಃಖವಿದ್ದಾಗಲೂ ದಶಕಗಳ ಕಾಲ ಅವರು ಪತ್ರಿಕೆಯನ್ನು ನಡೆಸಿದರು. ಇಂದು ನಾವು ವೇದಿಕೆಯಲ್ಲಿ ಹೇಳುವ ವಚನಗಳು ನಮ್ಮ ಬಾಯಿಗೆ ಬಂದದ್ದು ಆ ತಪ್ಪದ ನಡೆಯಿಂದ.

ಈಗ ಮಾಡಬೇಕಾದದ್ದು

ಕೆಲವು ಉದ್ಯಮಿ ಬಂಧುಗಳು ಹೇಳುವುದನ್ನು ಕೇಳಿದ್ದೇನೆ: "ತಿಂಗಳ ಮೊದಲ ತಾರೀಖಿಗೆ ಸಂಬಳ ಎಣಿಸಿದವರಿಗೆ ವ್ಯಾಪಾರದ ಕಷ್ಟ ಏನು ಗೊತ್ತು? ಬರಬೇಕಾದ ಹಣ ಬಾರದಿದ್ದರೆ ನಾವೆಲ್ಲಿಂದ ಕೊಡೋಣ?" ಇದು ನ್ಯಾಯವಾದ ಮಾತು. ಮಳೆ ಕೈಕೊಡುತ್ತದೆ, ಹತ್ತಿಯ ದರ ಕುಸಿಯುತ್ತದೆ, ದೊಡ್ಡ ಕಂಪನಿಗಳು ಹಣ ತಡೆಹಿಡಿಯುತ್ತವೆ. ಸ್ಥಿರ ನಡೆ ಎಂದರೆ ಕಷ್ಟವೇ ಬಾರದಂತೆ ತಡೆಯುವುದಲ್ಲ. ಕಷ್ಟ ಬಂದಾಗ ಅದನ್ನು ಯಾರು ಮೊದಲು ಹೊರಬೇಕು ಎಂಬ ಕ್ರಮವನ್ನು ತಪ್ಪಿಸದಿರುವುದು. ಹಣ ಕಡಿಮೆಯಾದಾಗ ಮೊದಲು ನಿಲ್ಲಬೇಕಾದದ್ದು ಧಣಿಯ ಹೊಸ ಕಾರು, ಮಗನ ಮದುವೆಯ ಅದ್ದೂರಿ. ಹಮಾಲನ ಕೂಲಿ ಕೊನೆಗೆ ಬರಬೇಕು. ಅದನ್ನೂ ತಡಮಾಡಲೇಬೇಕಾದರೆ, ಎಷ್ಟು ದಿನ ಎಂದು ಮುಂಚೆಯೇ ಮುಖ ಕೊಟ್ಟು ಹೇಳಬೇಕು. ಆ ದಿನ ತಪ್ಪಿಸಬಾರದು.

ಕಾನೂನು ಕೇಳುವುದೂ ಇದಕ್ಕಿಂತ ಹೆಚ್ಚೇನಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸಣ್ಣ ಪೂರೈಕೆದಾರನಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ತನಗೆ ಹಣ ತಡವಾಯಿತೆಂದು ಗೊಣಗುವ ಉದ್ಯಮಿ, ತಾನು ಕೊಡಬೇಕಾದ ಸಣ್ಣ ವರ್ಕ್‌ಶಾಪಿನವನಿಗೆ ಎಷ್ಟು ದಿನ ಕಾಯಿಸಿದ್ದಾನೆ ಎಂದು ತನ್ನ ಖಾತೆ ಪುಸ್ತಕವನ್ನೇ ತೆಗೆದು ನೋಡಲಿ.

ಸಹಕಾರಿ ರಂಗದ ಮಾತು ಪ್ರತ್ಯೇಕ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲೊಂದನ್ನು ಕಟ್ಟಿದ ನಾಡು ನಮ್ಮದು. ಅಂಥ ನಾಡಿನಲ್ಲಿ ಬಸವಣ್ಣನವರ, ಶರಣರ ಹೆಸರು ಹೊತ್ತ ಪತ್ತಿನ ಸಂಘಗಳು ಊರೂರಿಗೆ ಇವೆ. ಅವುಗಳಲ್ಲಿ ಠೇವಣಿ ಇಡುವವರು ಆ ಹೆಸರನ್ನು ನಂಬಿ ಇಡುತ್ತಾರೆ. ನಗರ ಸಹಕಾರಿ ಬ್ಯಾಂಕುಗಳು ನಿರ್ದೇಶಕರಿಗೂ ಅವರ ಬಂಧುಗಳಿಗೂ ಸಾಲ ಕೊಡುವುದನ್ನು ರಿಸರ್ವ್ ಬ್ಯಾಂಕು 2003ರಲ್ಲಿಯೇ ನಿರ್ಬಂಧಿಸಿತು. ಪತ್ತಿನ ಸಂಘಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ ಎಂದು ಕೆಲವರು ನೆಮ್ಮದಿಯಿಂದಿದ್ದಾರೆ. ಶರಣರ ಹೆಸರು ಫಲಕದ ಮೇಲಿರುವಾಗ ರಿಸರ್ವ್ ಬ್ಯಾಂಕಿನ ಸುತ್ತೋಲೆಗೆ ಕಾಯಬೇಕೇ? ತರಕಾರಿ ಮಾರುವ ಹೆಣ್ಣುಮಗಳು ಹತ್ತು ಸಾವಿರಕ್ಕೆ ಇಬ್ಬರು ಜಾಮೀನುದಾರರನ್ನು ತರಬೇಕು, ನಿರ್ದೇಶಕನ ಅಳಿಯನಿಗೆ ಹತ್ತು ಲಕ್ಷ ಒಂದು ಸಹಿಗೆ ಸಿಗಬೇಕು ಎಂದಾದರೆ, ಅಲ್ಲಿ ಎರಡು ತಕ್ಕಡಿಗಳಿವೆ. ಒಂದು ಸಂಘ ಮುಳುಗಿದಾಗ ಮುಳುಗುವುದು ಆ ಹೆಣ್ಣುಮಗಳ ಠೇವಣಿ ಮತ್ತು ಫಲಕದ ಮೇಲಿನ ಹೆಸರು.

ಕೊನೆಯ ಮಾತು ಮಠಗಳಿಗೆ, ಗೌರವದಿಂದ. ನಮ್ಮ ಶ್ರೀಮಠಗಳಲ್ಲಿ ಬಹಳಷ್ಟು ಇಂದು ಶಾಲೆ, ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯ ನಡೆಸುತ್ತಿವೆ. ಹೀಗಾಗಿ ಪೂಜ್ಯರೂ ನೂರಾರು ಜನರ ಅನ್ನದ ಹೊಣೆ ಹೊತ್ತ ಮುಂದಾಳುಗಳೇ. ಪ್ರವಚನದಲ್ಲಿ ಕಾಯಕವೇ ಪೂಜೆ ಎಂದು ಕೇಳುವ ಅತಿಥಿ ಉಪನ್ಯಾಸಕ, ಅದೇ ಆವರಣದ ಕಚೇರಿಯಲ್ಲಿ ನಾಲ್ಕು ತಿಂಗಳ ಸಂಬಳಕ್ಕಾಗಿ ನಿಲ್ಲುವಂತಾಗಬಾರದು. ನೇಮಕಕ್ಕೆ ಹಣ ಕೇಳುವ ಮಾತಂತೂ ಕಿವಿಗೇ ಬೀಳಬಾರದು. ಪ್ರತಿ ವರ್ಷ ಜಾತ್ರೆಯ ಕರಪತ್ರದ ಜೊತೆಗೆ ಸಂಸ್ಥೆಯ ಜಮಾ ಖರ್ಚನ್ನೂ ಅಚ್ಚು ಹಾಕಿಸಿ ಭಕ್ತರ ಕೈಗೆ ಕೊಡುವ ಪದ್ಧತಿ ಎಲ್ಲ ಮಠಗಳಲ್ಲಿ ಬರಲಿ.

ಇನ್ನೊಂದು ಕೆಲಸ ಮಠಗಳು ಮಾತ್ರ ಮಾಡಬಲ್ಲವು. ಸನ್ಮಾನಕ್ಕೆ ಹೆಸರು ಆರಿಸುವಾಗ ದೇಣಿಗೆಯ ಮೊತ್ತದ ಪಟ್ಟಿಯನ್ನು ಬದಿಗಿಟ್ಟು, ಅವರ ಅಂಗಡಿಯ ಹಮಾಲರನ್ನು, ಅವರ ಶಾಲೆಯ ಮೇಷ್ಟ್ರನ್ನು, ಅವರಿಗೆ ಮಾಲು ಮಾರಿದ ರೈತನನ್ನು ಒಂದು ಮಾತು ಕೇಳಲಿ. ಅವರಲ್ಲಿ ಕಾಯಕ ಶುದ್ಧವಾಗಿದೆ ಎಂದು ಅವರು ಹೇಳಿದ ಮೇಲೆ ಶಾಲು ಹೊದಿಸಲಿ. ಸಾವಿರ ರೂಪಾಯಿ ಕೊಟ್ಟ, ಇಪ್ಪತ್ತು ವರ್ಷ ಒಂದೇ ತೂಕ ತೂಗಿದ ಕಿರಾಣಿ ಅಂಗಡಿಯವರು ಆಗ ವೇದಿಕೆಗೆ ಬರುತ್ತಾರೆ. ದೊಡ್ಡ ದೇಣಿಗೆಯ ಕೆಲವರು ಒಂದೆರಡು ವರ್ಷ ಮುನಿಸಿಕೊಳ್ಳಬಹುದು. ಅನ್ನದಾಸೋಹದ ಅಕ್ಕಿ ಸ್ವಲ್ಪ ಕಡಿಮೆಯಾಗಲೂಬಹುದು. ಹೆಚ್ಚಾದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಲಕ್ಕಮ್ಮನವರ ಹೆಸರು ಹೇಳುವ ನಮಗೆ ಅಷ್ಟು ಕೊರತೆ ತಾಳಿಕೊಳ್ಳುವ ಶಕ್ತಿ ಇದ್ದೇ ಇದೆ.

ಮುಂದಿನ ಬಸವ ಜಯಂತಿಯ ಸಿದ್ಧತೆಗೆ ಕೂರುವ ಸಮಿತಿಗಳು ಈ ಒಂದು ಸಲಹೆಯನ್ನು ತಮ್ಮ ಮೊದಲ ಸಭೆಯ ವಿಷಯ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.